ರಾತ್ರಿ ದುಡಿಯುವ ಫೋನು: ದಾನ ಯಾವುದು, ಮೋಸ ಯಾವುದು?

“ಫೋನ್ ಚಾರ್ಜಿಗೆ ಹಾಕಿ ಮಲಗಿ, ಬೆಳಗ್ಗೆ ಏಳುವಾಗ ಹಣ ಬಂದಿರ್ತದೆ.” ಈ ಅರ್ಥದ ಮೆಸೇಜು ಒಮ್ಮೆಯಾದರೂ ಬಾರದ ವಾಟ್ಸಾಪ್ ಗ್ರೂಪು ನಮ್ಮ ಅನಿವಾಸಿಗಳ ಮಧ್ಯೆ ಬಹುಶಃ ಇಲ್ಲ. ಆ್ಯಪಿನ ಹೆಸರು ಬೇರೆ ಬೇರೆ, ಮಾತು ಮಾತ್ರ ಒಂದೇ. ಫೋನು ಸುಮ್ಮನೆ ಬಿದ್ದಿರುವ ಹೊತ್ತಿನಲ್ಲಿ ಅದು ‘ಮೈನಿಂಗ್’ ಮಾಡುತ್ತದಂತೆ, ನಾಣ್ಯ ಹುಟ್ಟುತ್ತದಂತೆ, ಇನ್ನೂ ಐದು ಜನರನ್ನು ಸೇರಿಸಿದರೆ ನಮ್ಮ ಪಾಲು ಜಾಸ್ತಿಯಂತೆ. ಮೊದಲ ವಾರ ಎಲ್ಲ ಫ್ರೀ. ಎರಡನೇ ವಾರ ‘ಅಪ್‌ಗ್ರೇಡ್’ ಮಾಡಲಿಕ್ಕೆ ಐವತ್ತು ರಿಯಾಲ್. ಆ್ಯಪಿನೊಳಗೆ ಬ್ಯಾಲೆನ್ಸು ಏರುವುದು ಕಣ್ಣಿಗೆ ಕಾಣುತ್ತದೆ. ಅದನ್ನು ತೆಗೆಯಲು ಹೋದ ದಿನ ಆ್ಯಪೂ ಇಲ್ಲ, ನಮ್ಮನ್ನು ಸೇರಿಸಿದವನ ನಂಬರೂ ಇಲ್ಲ.

ನಮ್ಮ ಸಹೋದರರಲ್ಲಿ ಹೀಗೆ ಕಳಕೊಂಡವರು ಇದ್ದಾರೆ. ನಾಚಿಕೆಯಿಂದ ಹೇಳುವುದಿಲ್ಲ, ಅಷ್ಟೇ. ಊರಿಗೆ ಕಳಿಸಬೇಕಾದ ಹಣದಿಂದ ತೆಗೆದು ಹಾಕಿದ್ದೆಂದು ಮನೆಯವರಲ್ಲಿ ಹೇಳುವುದಾದರೂ ಹೇಗೆ?

ಈ ಸುಳ್ಳು ಇಷ್ಟು ಸುಲಭವಾಗಿ ಓಡುವುದಕ್ಕೆ ಒಂದು ಕಾರಣ ಉಂಟು. ಅದು ಒಂದು ನಿಜದ ನೆರಳಿನಲ್ಲಿ ನಿಂತಿದೆ. ಸುಮ್ಮನೆ ಬಿದ್ದಿರುವ ಫೋನು ನಿಜವಾಗಿಯೂ ದುಡಿಯಬಲ್ಲದು. ಕ್ಯಾನ್ಸರಿನ ಔಷಧಿ ಹುಡುಕುವ ವಿಜ್ಞಾನಿಗೆ, ಆಕಾಶದ ನಕ್ಷತ್ರ ಹುಡುಕುವ ವಿಜ್ಞಾನಿಗೆ ಅದು ಲೆಕ್ಕ ಮಾಡಿಕೊಡಬಲ್ಲದು. ಇದಕ್ಕೆ ಸ್ವಯಂಸೇವಾ ಕಂಪ್ಯೂಟಿಂಗ್ ಎನ್ನುತ್ತಾರೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದಕ್ಕಿದೆ, ಫೋನಿಗೆ ಬಂದೇ ಹತ್ತು ವರ್ಷ ಕಳೆದಿದೆ. ಇದರಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ. ಕೊಡುವುದು ಮಾತ್ರ. ನಮ್ಮ ಅಭಿಪ್ರಾಯ ಇಷ್ಟೇ: ನಿಜವಾದ ಕೆಲಸ ಯಾವುದೆಂದು ತಿಳಿದವನು ಸುಳ್ಳಿಗೆ ಬೀಳುವುದು ಕಡಿಮೆ. ತಿಳಿದ ಮೇಲೆ, ಮನಸ್ಸಿದ್ದರೆ, ನಮ್ಮಂಥವರೂ ಅದರಲ್ಲಿ ಪಾಲು ತೆಗೆದುಕೊಳ್ಳಬಹುದು. ಆದರೆ ಕೆಲವು ಹದ್ದುಗಳನ್ನು ದಾಟಬಾರದು.

ಬೀಡಿ ಬ್ರಾಂಚಿನ ಲೆಕ್ಕ

ಇದು ನಡೆಯುವುದು ಹೇಗೆಂದು ತಿಳಿಯಲು ನಮ್ಮ ಊರಿನವರಿಗೆ ದೊಡ್ಡ ವಿಜ್ಞಾನ ಬೇಡ. ಉಮ್ಮಂದಿರು ಬೀಡಿ ಕಟ್ಟುತ್ತಿದ್ದ ಮನೆಯಲ್ಲಿ ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ಅಳೆದು ಕೊಡುತ್ತಾರೆ. ಮನೆಮನೆಯಲ್ಲಿ, ಅಡುಗೆ ಆದ ಮೇಲೆ, ಮಕ್ಕಳು ಮಲಗಿದ ಮೇಲೆ ಅವರವರ ಬಿಡುವಿನಲ್ಲಿ ಕಟ್ಟುತ್ತಾರೆ. ಹೇಳಿದ ದಿನ ಬ್ರಾಂಚಿಗೆ ಒಯ್ದರೆ ಅಲ್ಲಿ ನೋಡಿ, ಸರಿ ಇಲ್ಲದ್ದನ್ನು ತೆಗೆದು ಹಾಕಿ, ಉಳಿದದ್ದನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ದೊಡ್ಡ ಕಾರ್ಖಾನೆ ಕಟ್ಟಡ ಇಲ್ಲದೆ ಸಾವಿರಾರು ಮನೆಗಳು ಸೇರಿ ಒಂದು ಕಾರ್ಖಾನೆ ಆಗುವುದು ಹೀಗೆ.

ಸ್ವಯಂಸೇವಾ ಕಂಪ್ಯೂಟಿಂಗೂ ಹಾಗೆಯೇ. ಒಂದು ರೋಗಕ್ಕೆ ಔಷಧಿ ಹುಡುಕಬೇಕಾದರೆ ಲಕ್ಷಗಟ್ಟಲೆ ರಾಸಾಯನಿಕ ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಲ್ಯಾಬಿನಲ್ಲಿ ಎಲ್ಲವನ್ನೂ ಮಾಡುತ್ತಾ ಕುಳಿತರೆ ಆಯುಷ್ಯ ಸಾಲದು. ಹಾಗಾಗಿ ಮೊದಲು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ರೋಗಾಣುವಿನ ಪ್ರೋಟೀನಿಗೆ ಯಾವುದು ಅಂಟಿಕೊಳ್ಳಬಹುದೋ ಅದನ್ನು ಮಾತ್ರ ಆರಿಸಿ ಲ್ಯಾಬಿಗೆ ಕಳಿಸುತ್ತಾರೆ. ಆ ಲೆಕ್ಕವನ್ನು ಚಿಕ್ಕ ಚಿಕ್ಕ ಕಟ್ಟು ಮಾಡಿ, ಜಗತ್ತಿನಾದ್ಯಂತ ಒಪ್ಪಿಕೊಂಡವರ ಕಂಪ್ಯೂಟರುಗಳಿಗೆ, ಫೋನುಗಳಿಗೆ ಹಂಚುತ್ತಾರೆ. ಪ್ರತಿ ಕಟ್ಟಿಗೂ ವಾಪಸು ಕೊಡುವ ಗಡುವು ಉಂಟು. ಬಂದ ಉತ್ತರ ಸರಿಯೋ ಎಂದು ತಿಳಿಯಲು ಎಷ್ಟೋ ಯೋಜನೆಗಳಲ್ಲಿ ಒಂದೇ ಕಟ್ಟನ್ನು ಇಬ್ಬರಿಗೆ ಕೊಟ್ಟು ಎರಡೂ ಉತ್ತರವನ್ನು ತಾಳೆ ನೋಡುತ್ತಾರೆ. ಬೀಡಿಗೆ ಮಜೂರಿ ಉಂಟು, ಇದಕ್ಕೆ ಇಲ್ಲ. ‘ಕ್ರೆಡಿಟ್’ ಎಂದು ಒಂದು ಅಂಕ ಬರೆದುಕೊಳ್ಳುತ್ತಾರೆ, ನೀವು ಎಷ್ಟು ಕೆಲಸ ಮಾಡಿಕೊಟ್ಟಿರಿ ಎಂದು ತಿಳಿಯಲಿಕ್ಕೆ.

ಇದುವರೆಗೆ ಆದದ್ದು

1999ರ ಮೇ ತಿಂಗಳಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ‘ಸೇಟಿ ಅಟ್ ಹೋಮ್’ ಎಂಬ ಯೋಜನೆ ಶುರು ಮಾಡಿದರು. ಆಕಾಶದಿಂದ ಬರುವ ರೇಡಿಯೋ ಅಲೆಗಳಲ್ಲಿ ಬೇರೆ ಲೋಕದ ಜೀವಿಗಳ ಸುಳಿವು ಉಂಟೋ ಎಂದು ಹುಡುಕುವ ಕೆಲಸ. 50 ಲಕ್ಷಕ್ಕೂ ಹೆಚ್ಚು ಜನ ತಮ್ಮ ಕಂಪ್ಯೂಟರ್ ಕೊಟ್ಟರು. ಸುಳಿವು ಸಿಗಲಿಲ್ಲ. 2020ರ ಮಾರ್ಚ್ 31ರ ನಂತರ ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿದರು. ಆದರೆ ಆ ಅನುಭವದಿಂದ ‘ಬಾಯಿಂಕ್’ ಎಂಬ ತಂತ್ರಾಂಶ ಹುಟ್ಟಿತು. ಡೇವಿಡ್ ಆಂಡರ್ಸನ್ ಎಂಬವರ ನೇತೃತ್ವದಲ್ಲಿ ಬರ್ಕ್ಲಿಯಲ್ಲೇ ತಯಾರಾದ ಇದು ಎಲ್ಲರಿಗೂ ಉಚಿತ. ಒಳಗೆ ಎಂತ ಉಂಟು ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಇಂದು ಹಲವು ವಿಜ್ಞಾನ ಯೋಜನೆಗಳು ಇದರ ಮೇಲೆ ನಡೆಯುತ್ತವೆ.

ಫಲ ಸಿಕ್ಕಿದ ಉದಾಹರಣೆಗಳೂ ಇವೆ. 2010ರಲ್ಲಿ ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆಯಲ್ಲಿ ಅಮೆರಿಕದ ಅಯೋವಾದ ಒಂದು ದಂಪತಿ ಮತ್ತು ಜರ್ಮನಿಯ ಮೈನ್ಸ್ ಊರಿನ ಒಬ್ಬರ ಕಂಪ್ಯೂಟರುಗಳು ಸೇರಿ, ಸೆಕೆಂಡಿಗೆ ಸುಮಾರು 41 ಸಲ ತಿರುಗುವ ಒಂದು ಪಲ್ಸಾರ್ ನಕ್ಷತ್ರವನ್ನು ಪತ್ತೆ ಹಚ್ಚಿದವು. ಅವರು ವಿಜ್ಞಾನಿಗಳಾಗಿರಲಿಲ್ಲ, ಆದರೂ ವಿಜ್ಞಾನ ಪತ್ರಿಕೆಯಲ್ಲಿ ಅವರಿಗೆ ಮನ್ನಣೆ ಸಿಕ್ಕಿತು. ಐಬಿಎಂ ಕಂಪನಿ 2004ರಲ್ಲಿ ಶುರು ಮಾಡಿದ ‘ವರ್ಲ್ಡ್ ಕಮ್ಯೂನಿಟಿ ಗ್ರಿಡ್’ ಮೂಲಕ ಜಪಾನಿನ ಚೀಬಾದ ಸಂಶೋಧಕರು, ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ ಮೇಲೆ ಪರಿಣಾಮ ಬೀರಬಹುದಾದ ಏಳು ಪದಾರ್ಥಗಳನ್ನು ಗುರುತಿಸಿದ್ದಾಗಿ 2014ರಲ್ಲಿ ತಿಳಿಸಿದರು. ಅದು ಔಷಧಿ ಅಂಗಡಿಗೆ ಬಂದ ಮಾತ್ರೆಯಲ್ಲ, ದಾರಿಯ ಮೊದಲ ಹೆಜ್ಜೆ ಮಾತ್ರ. ಆ ಹೆಜ್ಜೆ ಇಡಲು ಸಾವಿರಾರು ಅಪರಿಚಿತರ ಕಂಪ್ಯೂಟರ್ ಬೇಕಾಯಿತು.

2020 ನಮಗೆ ಯಾರಿಗೂ ಮರೆಯುವ ವರ್ಷವಲ್ಲ. ಮಾರ್ಚ್ ಕೊನೆಯಲ್ಲಿ ವಿಮಾನ ನಿಂತು, ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಇಳಿಯುವವರೆಗೆ ರೂಮಿನ ನಾಲ್ಕು ಗೋಡೆಯೇ ಪ್ರಪಂಚ ಆಗಿತ್ತು. ಕಿಟ್ ಹಂಚಿದವರು, ಆಸ್ಪತ್ರೆಗೆ ಓಡಿದವರು, ಮಯ್ಯಿತ್ತಿನ ಕಾಗದ ಪತ್ರ ಮಾಡಿದವರು ನಮ್ಮವರೇ. ಅದೇ ದಿನಗಳಲ್ಲಿ ‘ಫೋಲ್ಡಿಂಗ್ ಅಟ್ ಹೋಮ್’ ಎಂಬ ಯೋಜನೆಗೆ ಲಕ್ಷಾಂತರ ಜನ ತಮ್ಮ ಮನೆಯ ಕಂಪ್ಯೂಟರ್ ಕೊಟ್ಟರು. ಕೊರೋನಾ ವೈರಸ್ಸಿನ ಪ್ರೋಟೀನು ಹೇಗೆ ತೆರೆದು ಮುಚ್ಚುತ್ತದೆ ಎಂದು ನೋಡುವ ಲೆಕ್ಕ ಅದು. ಮಾರ್ಚ್ ಕೊನೆಯ ಹೊತ್ತಿಗೆ ಎಲ್ಲವೂ ಸೇರಿ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆ ಬರೆದಷ್ಟು ಲೆಕ್ಕ ಮಾಡುವ ಶಕ್ತಿ ಒಟ್ಟಾಯಿತು. ಅಂದು ಜಗತ್ತಿನ ಯಾವ ಸೂಪರ್ ಕಂಪ್ಯೂಟರೂ ಆ ಗಡಿ ಮುಟ್ಟಿರಲಿಲ್ಲ. ಬಾಗಿಲು ಹಾಕಿಕೊಂಡು ಕೂತ ಜನ ಸೇರಿ ಜಗತ್ತಿನ ಅತಿ ದೊಡ್ಡ ಯಂತ್ರ ಆದರು.

ಫೋನಿಗೆ ಬಂದಾಗ

ಆಂಡ್ರಾಯ್ಡ್ ಫೋನಿಗೆ ಬಾಯಿಂಕ್ ಬಂದದ್ದು 2013ರಲ್ಲಿ. ಮೊದಲು ಕೆಲಸ ಕೊಟ್ಟ ಯೋಜನೆಗಳಲ್ಲಿ ಏಡ್ಸ್ ಔಷಧಿ ಹುಡುಕುವುದೂ ಒಂದು. 2014ರಲ್ಲಿ ಎಚ್‌ಟಿಸಿ ಕಂಪನಿ ‘ಪವರ್ ಟು ಗಿವ್’ ಎಂಬ ಆ್ಯಪ್ ತಂದಿತು. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ವೊಡಾಫೋನ್ ಫೌಂಡೇಶನ್ ‘ಡ್ರೀಮ್‌ಲ್ಯಾಬ್’ ಶುರು ಮಾಡಿತು. ಎಲ್ಲದರ ವಿಚಾರ ಒಂದೇ: ಯಜಮಾನ ಮಲಗಿರುವಾಗ, ಫೋನು ಚಾರ್ಜಿನಲ್ಲಿರುವಾಗ ಮಾತ್ರ ಕೆಲಸ.

ಬಾಯಿಂಕಿನ ಮೊದಲ ಸೆಟ್ಟಿಂಗ್ ನೋಡಿದರೆ ಮಾಡಿದವರ ಮನಸ್ಸು ಗೊತ್ತಾಗುತ್ತದೆ. ಚಾರ್ಜರ್ ಹಾಕಿರಬೇಕು. ಬ್ಯಾಟರಿ 90 ಶೇಕಡಾ ದಾಟಿರಬೇಕು. ಫೈಲು ತರುವುದು, ಕಳಿಸುವುದು ವೈಫೈಯಲ್ಲಿ ಮಾತ್ರ, ನಮ್ಮ ಸಿಮ್ಮಿನ ಡೇಟಾ ಮುಟ್ಟುವುದಿಲ್ಲ. ಬ್ಯಾಟರಿ 40 ಡಿಗ್ರಿಗಿಂತ ಬಿಸಿಯಾದರೆ ನಿಲ್ಲಬೇಕು. ಕೊಡುವವನಿಗೆ ತೊಂದರೆ ಆಗದ ಹಾಗೆ ತೆಗೆದುಕೊಳ್ಳಬೇಕೆಂಬ ಮರ್ಯಾದೆ ಅದರಲ್ಲಿ ಉಂಟು. ಮೋಸದ ಆ್ಯಪುಗಳಲ್ಲಿ ನಾವು ನೋಡದಿರುವುದು ಇದನ್ನೇ.

ಐಫೋನ್ ಇರುವವರಿಗೆ ಬಾಯಿಂಕ್ ಇಲ್ಲ. ಫೋಲ್ಡಿಂಗ್ ಅಟ್ ಹೋಮಿಗೆ ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್ ಬೇಕು. ಯಾವ ಯೋಜನೆ ಫೋನಿಗೆ ಕೆಲಸ ಕೊಡುತ್ತದೆ ಎಂಬುದು ಕಾಲಕಾಲಕ್ಕೆ ಬದಲಾಗುತ್ತದೆ, ಬಾಯಿಂಕಿನ ಪಟ್ಟಿ ನೋಡಿಯೇ ಸೇರಬೇಕು. ಯೋಜನೆಗಳು ಕೆಲವೊಮ್ಮೆ ನಿಲ್ಲುವುದೂ ಉಂಟು. ವರ್ಲ್ಡ್ ಕಮ್ಯೂನಿಟಿ ಗ್ರಿಡ್ಡನ್ನು ಐಬಿಎಂನವರು 2021ರಲ್ಲಿ ಕೆನಡಾದ ಟೊರೊಂಟೊದಲ್ಲಿರುವ ಕ್ರೆಂಬಿಲ್ ಸಂಶೋಧನಾ ಸಂಸ್ಥೆಗೆ ವಹಿಸಿಕೊಟ್ಟಾಗ, ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಮರುವರ್ಷ ಕೆಲವು ತಿಂಗಳು ಕೆಲಸವೇ ಇರಲಿಲ್ಲ.

“ಕಾಕಾ, ಇದರಿಂದ ನಮಗೆ ಎಂತ ಸಿಗ್ತದೆ?”

ಈ ವಿಷಯ ರೂಮಿನಲ್ಲಿ ಎತ್ತಿದರೆ ಕಿರಿಯರು ಕೇಳುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಉತ್ತರ: ಏನೂ ಸಿಗುವುದಿಲ್ಲ. ರಕ್ತದಾನ ಶಿಬಿರಕ್ಕೆ ಶುಕ್ರವಾರದ ರಜೆ ಬಿಟ್ಟು ಬರುವಾಗ ನಮಗೆ ಎಂತ ಸಿಗುತ್ತದೆ? ಒಂದು ಜ್ಯೂಸು, ಒಂದು ಸರ್ಟಿಫಿಕೇಟು. ಆ ರಕ್ತ ಯಾರ ಮೈಗೆ ಹೋಯಿತೆಂದು ಗೊತ್ತಾಗುವುದೂ ಇಲ್ಲ. ಆದರೂ ಗಲ್ಫಿನ ಯಾವ ಊರಿನಲ್ಲಿ ಶಿಬಿರ ಇಟ್ಟರೂ ನಮ್ಮ ಹುಡುಗರು ಸಾಲಲ್ಲಿ ನಿಲ್ಲುತ್ತಾರೆ. ಸದಕಾ ಎಂದರೆ ಹಣ ಮಾತ್ರ ಅಲ್ಲವೆಂದು ಮದ್ರಸಾದ ಬೆಂಚಿನಲ್ಲೇ ಕಲಿತವರು ನಾವು. ಹಣವಿಲ್ಲದವನಿಗೂ ಕೊಡಲಿಕ್ಕೆ ಏನಾದರೊಂದು ಇರುತ್ತದೆ. ಬಿಡುವಾಗಿ ಬಿದ್ದಿರುವ ಒಂದು ಯಂತ್ರದ ರಾತ್ರಿ ಅಂಥದ್ದು.

ರೋಗದ ಸಂಶೋಧನೆ ನಮಗೆ ದೂರದ ವಿಷಯ ಎಂದು ಭಾವಿಸುವುದೂ ಸರಿಯಲ್ಲ. ಕ್ಷಯ ರೋಗವನ್ನೇ ತೆಗೆದುಕೊಳ್ಳಿ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ಗಲ್ಫ್ ವೀಸಾದ ಮೆಡಿಕಲ್‌ನಲ್ಲಿ ಎದೆಯ ಎಕ್ಸ್‌ರೇ ತೆಗೆಯುವಾಗ ಎದೆ ಬಡಿದುಕೊಳ್ಳದವರು ಯಾರು? ಎಂದೋ ವಾಸಿಯಾದ ಕ್ಷಯದ ಕಲೆ ಕಂಡರೂ ಸಾಕು, ‘ಅನ್‌ಫಿಟ್’ ಎಂದು ಬರೆದು ಕಳಿಸುತ್ತಾರೆ. ಏಜೆಂಟಿಗೆ ಕೊಟ್ಟ ಹಣ ಹೋಯಿತು, ಕನಸೂ ಹೋಯಿತು. ಆ ರೋಗಾಣುವಿನ ಹೊರಪದರ ಯಾಕೆ ಅಷ್ಟು ಗಟ್ಟಿ, ಔಷಧಿ ಯಾಕೆ ಒಳಗೆ ಇಳಿಯುವುದಿಲ್ಲ ಎಂದು ತಿಳಿಯಲು ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2016ರಲ್ಲಿ ವರ್ಲ್ಡ್ ಕಮ್ಯೂನಿಟಿ ಗ್ರಿಡ್‌ನಲ್ಲಿ ಒಂದು ಯೋಜನೆ ಇಟ್ಟರು. ಅದರ ಲೆಕ್ಕ ಮಾಡಿಕೊಟ್ಟದ್ದು ಅಪರಿಚಿತರ ಮನೆಯ ಕಂಪ್ಯೂಟರುಗಳು. ಅವರು ಯಾರೂ ಗಲ್ಫ್ ಮೆಡಿಕಲ್‌ನ ಸಾಲಲ್ಲಿ ನಿಂತವರಲ್ಲ.

ಇದಕ್ಕೆ ಎದುರು ಮಾತು ಹೇಳುವವರೂ ಇದ್ದಾರೆ, ಅವರ ಮಾತಿನಲ್ಲೂ ತೂಕ ಉಂಟು. ಒಂದು ಫೋನಿನಿಂದ ಎಷ್ಟಾದೀತು? ನಿಜ, ಬಹಳ ಕಡಿಮೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರು ಎಷ್ಟೋ ಫೋನುಗಳ ಕೆಲಸವನ್ನು ಒಂದೇ ಮಾಡುತ್ತದೆ. ಸರಕಾರಗಳ ಹತ್ತಿರ, ಕಂಪನಿಗಳ ಹತ್ತಿರ ಸೂಪರ್ ಕಂಪ್ಯೂಟರ್ ಇಲ್ಲವೇ? ಉಂಟು. ಆದರೆ ಅದರಲ್ಲಿ ಸಮಯ ಸಿಗುವುದು ದುಡ್ಡಿದ್ದವರಿಗೆ, ಆಯ್ಕೆಯಾದವರಿಗೆ. ಲಾಭ ಬಾರದ ರೋಗಗಳ ಮೇಲೆ ಕೆಲಸ ಮಾಡುವ ಸಣ್ಣ ತಂಡಗಳಿಗೆ ಸಾರ್ವಜನಿಕರು ಕೊಡುವ ಲೆಕ್ಕದ ಶಕ್ತಿ ದೊಡ್ಡದು. ಮಸೀದಿ ಕಟ್ಟುವಾಗ ಒಬ್ಬ ಲಾರಿ ಕಲ್ಲು ಕೊಡುತ್ತಾನೆ, ಒಬ್ಬ ನೂರು ರೂಪಾಯಿ ಕೊಡುತ್ತಾನೆ. ನೂರು ಕೊಟ್ಟವನಿಗೆ ನೀನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಹಾಗೆಂದು ನೂರು ಕೊಟ್ಟು ಮಸೀದಿ ನಾನೇ ಕಟ್ಟಿದೆ ಎನ್ನುವುದೂ ಬೇಡ.

ಕರೆಂಟ್ ಯಾರದ್ದು?

ನಮ್ಮ ಮಟ್ಟಿಗೆ ಈ ಇಡೀ ವಿಷಯದ ಗಂಟು ಇರುವುದು ಇಲ್ಲಿ. ದಾನ ಮಾಡುವವನು ತನ್ನದನ್ನು ದಾನ ಮಾಡಬೇಕು. ಕ್ಯಾಂಪಿನ ಕರೆಂಟು ಕಂಪನಿಯದ್ದು. ಅಂಗಡಿಯ ವೈಫೈ ಕಫೀಲನದ್ದು. ಕೈಗೆ ಕೊಟ್ಟ ಡ್ಯೂಟಿ ಫೋನು, ಆಫೀಸಿನ ಕಂಪ್ಯೂಟರು ನಮ್ಮ ಮೇಲಿನ ಅಮಾನತ್ತು. ಯಾರಿಗೂ ಗೊತ್ತಾಗುವುದಿಲ್ಲ ಎಂದು ಅದರಲ್ಲಿ ಇದನ್ನು ಓಡಿಸಿದರೆ ಅದು ಸದಕಾ ಆಗುವುದಿಲ್ಲ.

ಅಪಾಯವೂ ಸಣ್ಣದಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಒಬ್ಬರು 1999ರಲ್ಲಿ ಅಲ್ಲಿನ ಕಂಪ್ಯೂಟರುಗಳಲ್ಲಿ ಇಂಥದೇ ಒಂದು ಸ್ವಯಂಸೇವಾ ತಂತ್ರಾಂಶ ಹಾಕಿದರು. ಅನುಮತಿ ಕೇಳಿರಲಿಲ್ಲ ಎಂದು ಕೇಸಾಯಿತು. ಹಲವು ವರ್ಷ ಜೈಲು, ಲಕ್ಷಗಟ್ಟಲೆ ಡಾಲರ್ ಪರಿಹಾರದ ಮಾತು ಬಂತು. ಕೊನೆಗೆ 2002ರಲ್ಲಿ ರಾಜಿಯಾಗಿ ಒಂದು ವರ್ಷದ ಪ್ರೊಬೇಶನ್, ಸ್ವಲ್ಪ ಹಣ ಮತ್ತು ಸಮಾಜ ಸೇವೆಯಲ್ಲಿ ಮುಗಿಯಿತು. ಆತ ತನ್ನದೇ ದೇಶದಲ್ಲಿ ಇದ್ದವನು, ವಕೀಲರು ಸಿಕ್ಕಿದರು. ನಾವು ಪರದೇಶದಲ್ಲಿ ಇಖಾಮಾದ ಮೇಲೆ ನಿಂತವರು. ಸೌದಿಯಲ್ಲಿ 2007ರಿಂದಲೇ ಸೈಬರ್ ಅಪರಾಧದ ಕಾನೂನಿದೆ. ಯುಎಇಯಲ್ಲಿ 2021ರಲ್ಲಿ ಹೊಸ, ಇನ್ನೂ ಬಿಗಿಯಾದ ಕಾನೂನು ಬಂದಿದೆ. ‘ಒಳ್ಳೆಯ ಕೆಲಸಕ್ಕೆ ಮಾಡಿದ್ದು’ ಎಂಬ ಮಾತು ಮುದೀರನ ಮುಂದೆ ನಿಲ್ಲುವುದಿಲ್ಲ. ಕಂಪನಿಯ ಯಾವ ಯಂತ್ರದಲ್ಲೂ ಇದು ಬೇಡ. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಇನ್ನು ರೂಮಿನ ಕರೆಂಟ್. ನಾವೇ ಬಾಡಿಗೆ ಕೊಟ್ಟು ಬಿಲ್ಲು ಹಂಚಿಕೊಳ್ಳುವ ರೂಮಾದರೆ ಲೆಕ್ಕ ಹೀಗೆ: ಫೋನು 4 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಳ್ಳಿ. ರಾತ್ರಿ 8 ಗಂಟೆಗೆ 32 ವ್ಯಾಟ್-ಗಂಟೆ. ತಿಂಗಳಿಗೆ ಹೆಚ್ಚುಕಮ್ಮಿ ಒಂದು ಯೂನಿಟ್. ಒಂದೂವರೆ ಟನ್ನಿನ ಎಸಿ ಒಂದು ಗಂಟೆ ಓಡಿದಷ್ಟು. ದೊಡ್ಡದೇನೂ ಅಲ್ಲ. ಆದರೂ ರೂಮಿನವರಲ್ಲಿ ಒಂದು ಮಾತು ಕೇಳಿ ಹಾಕುವುದು ನಮ್ಮ ಅದಬು. ಎಂಟು ಜನರ ರೂಮಿನಲ್ಲಿ ಜಗಳ ಹುಟ್ಟುವುದು ಒಂದು ಯೂನಿಟ್ಟಿನಿಂದಲ್ಲ, ಕೇಳದೆ ಮಾಡಿದ್ದರಿಂದ. ಕಂಪನಿಯೇ ಕರೆಂಟ್ ಕೊಡುವ ಕ್ಯಾಂಪಾದರೆ ಕ್ಯಾಂಪ್ ಬಾಸ್‌ನ ಒಪ್ಪಿಗೆ ಬೇಕು. ಸಿಗದಿದ್ದರೆ ಬಿಡಿ. ನಿಯ್ಯತ್ತಿಗೆ ಕೂಲಿ ಕೊಡುವವನು ಅಲ್ಲಾಹು.

ಬಿಸಿಯ ಮಾತು

ಗಲ್ಫಿನ ಬೇಸಿಗೆಯಲ್ಲಿ ಇದನ್ನು ಮರೆಯುವ ಹಾಗಿಲ್ಲ. ಲೆಕ್ಕ ಮಾಡುವ ಫೋನು ಬಿಸಿಯಾಗುತ್ತದೆ, ಬಿಸಿಯಾದ ಬ್ಯಾಟರಿ ಬೇಗ ಸಾಯುತ್ತದೆ. 35 ಡಿಗ್ರಿ ದಾಟಿದ ಕಡೆ ತನ್ನ ಫೋನ್ ಬಳಸಬೇಡಿ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ನಮ್ಮಲ್ಲಿ ಜುಲೈಯ ಮಧ್ಯಾಹ್ನ ಹೊರಗೆ 45 ಸಾಮಾನ್ಯ. ಎಸಿ ಇಲ್ಲದ ಕೋಣೆಯಲ್ಲಿ, ದಿಂಬಿನ ಅಡಿಯಲ್ಲಿ, ಹಾಸಿಗೆಯ ಮೇಲೆ ಇದನ್ನು ಓಡಿಸುವುದು ಬೆಂಕಿಯ ಜೊತೆ ಆಟ. ಒಂದೇ ಎಕ್ಸ್‌ಟೆನ್ಶನ್ನಿಗೆ ಆರು ಚಾರ್ಜರ್ ಸಿಕ್ಕಿಸಿದ ಬಂಕ್ ಬೆಡ್ಡಿನ ಮೂಲೆ ನಮಗೆಲ್ಲರಿಗೂ ಗೊತ್ತು. ಅಲ್ಲಿಗೆ ಇನ್ನೊಂದು ಬಿಸಿ ಫೋನ್ ಸೇರಿಸುವುದು ಬೇಡ.

ಗುಟ್ಟಾಗಿ ಮೈನಿಂಗ್ ಮಾಡುವ ಕಳ್ಳ ಆ್ಯಪುಗಳಿಗೆ ಈ ಚಿಂತೆ ಇಲ್ಲ. 2017ರ ಕೊನೆಯಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯವರು ‘ಲೋಆಪಿ’ ಎಂಬ ಆಂಡ್ರಾಯ್ಡ್ ವೈರಸ್ಸನ್ನು ಒಂದು ಫೋನಿಗೆ ಬಿಟ್ಟು ಪರೀಕ್ಷೆ ಮಾಡಿದರು. ಎರಡೇ ದಿನದಲ್ಲಿ ಬ್ಯಾಟರಿ ಉಬ್ಬಿ ಫೋನಿನ ಕವಚವೇ ಡೊಂಕಾಯಿತು. ಅಂಥ ಫೋನು ತಲೆದಿಂಬಿನ ಹತ್ತಿರ ಇದ್ದಿದ್ದರೆ?

ಗುರುತು ಹಿಡಿಯುವುದು

ನಿಜ ಯಾವುದು, ಮೋಸ ಯಾವುದು ಎಂದು ತಿಳಿಯಲು ಕೆಲವು ಗುರುತುಗಳಿವೆ.

ಹಣ ಬರುತ್ತದೆ ಎಂದರೆ ಅಲ್ಲಿಗೇ ನಿಲ್ಲಿಸಿ. ಬಿಟ್‌ಕಾಯಿನ್ ಮೈನಿಂಗ್ ಇಂದು ನಡೆಯುವುದು ಅದಕ್ಕೆಂದೇ ಮಾಡಿದ ಯಂತ್ರಗಳನ್ನು ಗೋದಾಮು ತುಂಬ ಜೋಡಿಸಿ. ನಮ್ಮ ಕಿಸೆಯ ಫೋನಿನಿಂದ ಅದು ಆಗುವ ಕೆಲಸವಲ್ಲ. ಫೋನಿನಲ್ಲೇ ಮೈನಿಂಗ್ ಮಾಡುವ ಆ್ಯಪುಗಳನ್ನು ಗೂಗಲ್, ಆ್ಯಪಲ್ ಎರಡೂ 2018ರಲ್ಲೇ ತಮ್ಮ ಅಂಗಡಿಯಿಂದ ಹೊರಗೆ ಹಾಕಿವೆ. ಪ್ಲೇಸ್ಟೋರಿನಲ್ಲಿ ಇರುವ ಆ್ಯಪು ‘ನಿಮ್ಮ ಫೋನು ಮೈನಿಂಗ್ ಮಾಡುತ್ತಿದೆ’ ಎಂದು ತೋರಿಸಿದರೆ ಒಂದೋ ಅದು ನಿಯಮ ಮುರಿಯುತ್ತಿದೆ, ಇಲ್ಲವೇ ತೆರೆಯ ಮೇಲೆ ಅಂಕೆ ಮಾತ್ರ ಏರಿಸುತ್ತಿದೆ.

ಜನ ಸೇರಿಸಿದರೆ ಪಾಲು ಜಾಸ್ತಿ ಎಂದರೆ ಅದು ಬಲೆ. ವಿಜ್ಞಾನಕ್ಕೆ ಜನ ಬೇಕು, ಆದರೆ ಕಮಿಷನ್ ಕೊಟ್ಟು ಸೇರಿಸುವುದಿಲ್ಲ.

ಪಾಸ್‌ಪೋರ್ಟ್, ಇಖಾಮಾ, ಬ್ಯಾಂಕ್ ನಂಬರು, ಒಟಿಪಿ ಕೇಳಿದರೆ ಮೋಸ. ಬಾಯಿಂಕ್ ಯೋಜನೆಗೆ ಸೇರಲು ಬೇಕಾಗುವುದು ಇಮೇಲ್, ಒಂದು ಹೆಸರು, ಒಂದು ಪಾಸ್‌ವರ್ಡ್. ಬೇರೆ ಕಡೆ ಬಳಸದ ಪಾಸ್‌ವರ್ಡನ್ನೇ ಕೊಡಿ.

ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲನ್ನು ಹಾಕಬೇಡಿ, ಅದರ ಹೆಸರು ಬಾಯಿಂಕ್ ಎಂದೇ ಇದ್ದರೂ. ಬಾಯಿಂಕಿನ ಸ್ವಂತ ವೆಬ್‌ಸೈಟಿನಿಂದ ಅಥವಾ ಎಫ್-ಡ್ರಾಯ್ಡ್‌ನಿಂದ ಮಾತ್ರ ತೆಗೆದುಕೊಳ್ಳಿ. ಈ ಮೂಲ ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಕೂರಿಸಿಕೊಂಡು ಮಾಡಿ.

ಈ ಹೆಸರಿನಲ್ಲಿ ಯಾರಾದರೂ ಚಂದಾ ಎತ್ತಿದರೆ ಕೊಡಬೇಡಿ. ಈ ದಾನದಲ್ಲಿ ದುಡ್ಡು ಕೈ ಬದಲಾಗುವ ಜಾಗವೇ ಇಲ್ಲ. ಯುಎಇಯಂಥ ಕಡೆ ಅನುಮತಿಯಿಲ್ಲದೆ ಹಣ ಸಂಗ್ರಹಿಸುವುದೇ ಅಪರಾಧ ಎಂಬುದು ಬೇರೆ ನೆನಪಿರಲಿ.

ನಾವು ಹೇಳುವುದು

ದಿನ ಬಳಸುವ ಫೋನಿನಲ್ಲಿ ಇದು ಬೇಡ. ಊರಿನ ಉಮ್ಮನ ಮುಖ ನೋಡುವುದು, ಹಣ ಕಳಿಸುವುದು, ಡ್ಯೂಟಿಯ ಕರೆ ಬರುವುದು, ಎಲ್ಲ ಆ ಒಂದು ಫೋನಿನಲ್ಲಿ. ಡೆಲಿವರಿ ಮಾಡುವ ನಮ್ಮ ಹುಡುಗರಿಗೆ ಅದೇ ಅನ್ನದ ಬಟ್ಟಲು, ಹಗಲಿಡೀ ಬೈಕಿನ ಮೇಲೆ ಬಿಸಿಲಿಗೆ ಕಾದಿರುತ್ತದೆ. ರಾತ್ರಿ ಅದಕ್ಕೂ ನಿದ್ದೆ ಬೇಕು.

ಇದಕ್ಕೆ ಸರಿಯಾದದ್ದು ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಆಂಡ್ರಾಯ್ಡ್ ಫೋನು. ಪರದೆ ಒಡೆದಿದ್ದರೂ ಪರವಾಗಿಲ್ಲ, ಬ್ಯಾಟರಿ ಉಬ್ಬಿರಬಾರದು. ಒಳಗಿನ ಫೋಟೊ, ಬ್ಯಾಂಕ್ ಆ್ಯಪು ಎಲ್ಲ ಅಳಿಸಿ, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ತೆಗೆಯಿರಿ. ಎಸಿ ಗಾಳಿ ತಾಗುವ ಕಡೆ, ಗಟ್ಟಿ ಮೇಜಿನ ಮೇಲೆ ಅಥವಾ ನೆಲದ ಟೈಲ್ಸಿನ ಮೇಲೆ, ಒಳ್ಳೆಯ ಚಾರ್ಜರಿನಲ್ಲಿ ಇಡಿ. ಸೆಟ್ಟಿಂಗಿನಲ್ಲಿ ಎಲ್ಲ ಕೋರ್‌ಗಳನ್ನು ಕೊಡದೆ ಒಂದೆರಡು ಮಾತ್ರ ಕೊಟ್ಟರೆ ಬಿಸಿ ಕಡಿಮೆ. ತೀರ ಹಳೆಯ ಫೋನಿಗೆ ಕೆಲವು ಯೋಜನೆ ಕೆಲಸ ಕೊಡದಿದ್ದರೆ ಬೇಸರ ಬೇಡ.

ಇದಕ್ಕಿಂತ ದೊಡ್ಡ ಕೆಲಸ ಊರಿನ ಮನೆಯಲ್ಲಿ ಆಗಬಹುದು. ರಜೆಯಲ್ಲಿ ಹೋಗುವಾಗ ಮಕ್ಕಳಿಗೆ ಒಯ್ದ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಅದರಲ್ಲಿ ಬಾಯಿಂಕ್ ಹಾಕಿ ಕೊಡಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಗಳು ಪ್ರೋಟೀನ್ ಎಂದರೇನೆಂದು ಪಾಠದಲ್ಲಿ ಓದುತ್ತಾಳೆ. ತನ್ನದೇ ಮೇಜಿನ ಮೇಲೆ ಅದರ ಲೆಕ್ಕ ನಡೆಯುವುದನ್ನು ನೋಡಿದರೆ ಓದುವ ರುಚಿಯೇ ಬೇರೆ. ರೊಸೆಟ್ಟಾ ಅಟ್ ಹೋಮ್ ಎಂಬ ಯೋಜನೆ ಹುಟ್ಟಿದ ಲ್ಯಾಬಿನ ಡೇವಿಡ್ ಬೇಕರ್ ಅವರು 2024ರ ರಸಾಯನಶಾಸ್ತ್ರ ನೊಬೆಲ್ ಪಡೆದವರಲ್ಲಿ ಒಬ್ಬರು. ಅಂಥವರ ಕೆಲಸಕ್ಕೆ ಉಳ್ಳಾಲದ, ಉಪ್ಪಿನಂಗಡಿಯ ಒಂದು ಮನೆಯಿಂದ ಕೈ ಜೋಡಿಸಬಹುದು ಎಂಬುದು ಮಕ್ಕಳಿಗೆ ತಿಳಿಯಲಿ. ಉಪ್ಪ ಗಲ್ಫಿನಿಂದ ಚಾಕಲೇಟ್ ಮಾತ್ರ ತರುವವನಾಗಬಾರದು.

ಸಂಘಟನೆಯ ಘಟಕಗಳಲ್ಲಿ ನಾವು ಕೇಳಿಕೊಳ್ಳುವುದು ಇಷ್ಟು. ಮುಂದಿನ ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಈ ವಿಷಯಕ್ಕೆ ಇಡಿ. ಕಂಪ್ಯೂಟರ್ ಬಲ್ಲ ಒಬ್ಬ ಸಹೋದರನನ್ನು ಕರೆಯಿರಿ. ಮೊದಲು ಮೈನಿಂಗ್ ಮೋಸದ ಬಗ್ಗೆ ಹೇಳಿಸಿ. ಕಳಕೊಂಡವರು ನಾಚಿಕೆ ಬಿಟ್ಟು ಮಾತಾಡಲಿ, ನಗುವವರನ್ನು ಅಧ್ಯಕ್ಷರು ಸುಮ್ಮನಿರಿಸಲಿ. ಆಮೇಲೆ ನಿಜವಾದದ್ದನ್ನು ಒಂದು ಹಳೆಯ ಫೋನಿನಲ್ಲಿ ಹಾಕಿ ತೋರಿಸಿ. ಬಾಯಿಂಕಿನಲ್ಲಿ ತಂಡ ಕಟ್ಟುವ ವ್ಯವಸ್ಥೆ ಉಂಟು. ಐದಾರು ಜನ ಸಿದ್ಧರಾದರೆ ಒಂದು ತಂಡ ಮಾಡಿ. ಯಾರನ್ನೂ ಒತ್ತಾಯ ಮಾಡುವುದು ಬೇಡ, ಕ್ರೆಡಿಟ್ಟಿನ ಅಂಕೆ ಹಿಡಿದು ಪೈಪೋಟಿಯೂ ಬೇಡ.

ಮುಂದಿನ ಸಲ ‘ಮಲಗಿ ಹಣ ಮಾಡಿ’ ಎಂಬ ಲಿಂಕು ಗ್ರೂಪಿಗೆ ಬಂದಾಗ ಯಾರಾದರೂ ಒಬ್ಬರು ಕೂಡಲೇ ಬರೆಯಬೇಕು: ಫೋನು ಮಲಗಿ ದುಡಿಯುವುದು ಉಂಟು ಮಾರಾಯ್ರೇ, ಆದರೆ ಹಣಕ್ಕಲ್ಲ. ಅಷ್ಟು ಬರೆಯುವ ಒಬ್ಬ ಸದಸ್ಯ ಪ್ರತಿ ಘಟಕದಲ್ಲೂ ತಯಾರಾದರೆ ಅರ್ಧ ಗಂಟೆಯ ಸಭೆ ಸಾರ್ಥಕ, ಇನ್ಶಾ ಅಲ್ಲಾಹ್.